ಬಾಡಿಗೆಗೆ ಕೊಟ್ಟು ಮಾರಾಟ ಎನ್ನಬೇಡಿ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳನ್ನು ಇನ್ನು ಡಿಸ್ಕ್ ರೂಪದಲ್ಲಿ ಕೊಳ್ಳುವ ಅಗತ್ಯವೇ ಇಲ್ಲ, ತಿಂಗಳಿಗಿಷ್ಟು ಎಂದು ಕಟ್ಟಿದರೆ ಎಲ್ಲೋ ದೂರದ ಸರ್ವರ್‌ನಲ್ಲಿ ನಡೆಯುವ ಆಟವನ್ನು ಮನೆಯ ಟಿ.ವಿ.ಯಲ್ಲೋ ಮೊಬೈಲ್‌ನಲ್ಲೋ ಆಡಬಹುದು ಎಂಬ ಪ್ರಚಾರ ಈಚೆಗೆ ನಮ್ಮಲ್ಲೂ ಜೋರಾಗಿದೆ. ಕ್ಲೌಡ್ ಗೇಮಿಂಗ್ ಎನ್ನುವ ಈ ವ್ಯವಸ್ಥೆಗೆ ನಾನು ವಿರೋಧಿಯಲ್ಲ. ಟಿ.ವಿ.ಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 5 ಎಂಬ ಗೇಮ್ ಯಂತ್ರ (ಕನ್ಸೋಲ್) ಭಾರತಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ಡಿಸ್ಕ್ ಹಾಕುವ ಮಾದರಿಯ ಬೆಲೆ 49,990 ರೂಪಾಯಿ ಇತ್ತು. ಅಷ್ಟು ದುಡ್ಡನ್ನು ಒಮ್ಮೆಲೇ ತೆಗೆಯಲಾರದ ಮನೆಯ ಹುಡುಗನಿಗೆ ಬಾಡಿಗೆಗೆ ಆಟ ಸಿಕ್ಕರೆ ಒಳ್ಳೆಯದೇ. ನನ್ನ ತಕರಾರು ಇರುವುದು, ಬಾಡಿಗೆಗೆ ಕೊಡುವುದನ್ನು ಮಾರಾಟವೆಂದು ಹೇಳಿ ಪೂರ್ತಿ ಬೆಲೆ ವಸೂಲು ಮಾಡುವುದಕ್ಕೆ.

ನಮ್ಮ ಮನೆಯಲ್ಲಿ ಕ್ರಿಕೆಟ್ ಆಟದ ಡಿಸ್ಕ್ ಒಂದಿದೆ. ಮೈಸೂರಿನಲ್ಲಿರುವ ನಮ್ಮಣ್ಣನ ಮಗ ಅದನ್ನು ಬೆಂಗಳೂರಿನ ಗಾಂಧಿನಗರದ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ತಂದಿದ್ದ. ಡಬ್ಬಿಯ ಒಳಬದಿಯಲ್ಲಿ ಅದಕ್ಕೂ ಮೊದಲಿನ ಯಾರೋ ನೀಲಿ ಮಾರ್ಕರ್‌ನಲ್ಲಿ ಬರೆದುಕೊಂಡ ಇನಿಷಿಯಲ್ ಇನ್ನೂ ಅಳಿಸಿಲ್ಲ. ಅವನು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಅದು ಕನ್ಸೋಲ್ ಸಮೇತ ನನ್ನ ಮಗನ ಪಾಲಿಗೆ ಬಂತು. ಗೀರು ಬಿದ್ದ ಡಿಸ್ಕ್ ಆಗಾಗ ಓಡದೆ ನಿಲ್ಲುತ್ತದೆ. ಮಗ ಅದನ್ನು ಹೊರತೆಗೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಹಾಕುತ್ತಾನೆ, ಆಟ ಶುರುವಾಗುತ್ತದೆ. ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಹುಡುಗ ಅದನ್ನು ಎರಡು ವಾರ ಒಯ್ದಿದ್ದ. ಇಷ್ಟು ಕೈ ಬದಲಾಗುವಾಗ ಯಾರೂ ಯಾವ ಕಂಪನಿಯ ಅಪ್ಪಣೆಯನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. 4,999 ರೂಪಾಯಿ ತೆತ್ತು ಹೊಸ ಆಟ ತರುವವರಿಗೆ, ಆಡಿ ಮುಗಿಸಿದ ಮೇಲೆ ಮಾರಿ ಒಂದಷ್ಟು ದುಡ್ಡಾದರೂ ಹಿಂದಕ್ಕೆ ಪಡೆಯಬಹುದೆಂಬ ಧೈರ್ಯ ಇರುವುದು ಇದರಿಂದಲೇ.

ಅದೇ ಮಗ ಎರಡು ವರ್ಷದ ಹಿಂದೆ, ಹಬ್ಬಕ್ಕೆ ಹಿರಿಯರು ಕೊಟ್ಟ ದುಡ್ಡನ್ನೆಲ್ಲ ಕೂಡಿಸಿ ಆನ್‌ಲೈನ್ ಮಳಿಗೆಯೊಂದರಲ್ಲಿ ಮೂರು ಆಟ ಕೊಂಡ. ಖಾತೆ ನನ್ನ ಹಳೆಯ ಮೊಬೈಲ್ ನಂಬರಿನಲ್ಲಿತ್ತು. ರೀಚಾರ್ಜ್ ಮಾಡದೆ ಬಿಟ್ಟದ್ದರಿಂದ ಆ ನಂಬರ್ ಕೈತಪ್ಪಿತು. ಹೊಸದಾಗಿ ಲಾಗಿನ್ ಆಗಬೇಕೆಂದರೆ ಒಟಿಪಿ ಹೋಗುವುದು ಆ ನಂಬರಿಗೇ. ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಲಗತ್ತಿಸಿ ನಾಲ್ಕು ತಿಂಗಳು ಇ-ಮೇಲ್ ಬರೆದೆ. ನೀವು ಪಡೆದದ್ದು ಆಟವನ್ನಲ್ಲ, ಆ ಖಾತೆಗಷ್ಟೇ ಸೀಮಿತವಾದ ಬಳಕೆಯ ಪರವಾನಗಿಯನ್ನು ಎಂಬುದು ಕೊನೆಗೆ ಬಂದ ಉತ್ತರದ ಸಾರ. ನಂಬರ್ ಉಳಿಸಿಕೊಳ್ಳದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ದುಡ್ಡು ಕಟ್ಟುವಾಗ ಮಗ ಒತ್ತಿದ ಬಟನ್ ಮೇಲೆ ‘ಖರೀದಿಸಿ’ ಎಂದೇ ಇತ್ತು. ಪರವಾನಗಿ ಎಂಬ ಮಾತು ಅಡಗಿದ್ದದ್ದು ಯಾರೂ ಓದಿ ಮುಗಿಸಲಾಗದಷ್ಟು ಉದ್ದದ ಷರತ್ತುಗಳೊಳಗೆ.

ನಮ್ಮದು ಸಣ್ಣ ನಷ್ಟ. ಇಡೀ ಸೇವೆಯೇ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಗೂಗಲ್‌ನ ಸ್ಟೇಡಿಯಾ ಉದಾಹರಣೆ. ಅಮೆರಿಕ, ಯುರೋಪುಗಳಲ್ಲಿ 2019ರ ನವೆಂಬರ್‌ನಲ್ಲಿ ಆರಂಭವಾದ ಈ ಕ್ಲೌಡ್ ಸೇವೆಯಲ್ಲಿ ಹೆಚ್ಚಿನ ಆಟಗಳನ್ನು ಬೇರೆಬೇರೆಯಾಗಿ ಬೆಲೆ ಕೊಟ್ಟು ಕೊಳ್ಳಬೇಕಿತ್ತು. 2023ರ ಜನವರಿ 18ರಂದು ಅದು ಮುಚ್ಚಿತು. ಕೊಂಡ ಆಟಗಳ ಹಣವನ್ನು ಗೂಗಲ್ ಹಿಂದಿರುಗಿಸಿತು. ಅದು ಮರ್ಯಾದೆಯ ನಡೆ, ಮೆಚ್ಚಲೇಬೇಕು. ಆದರೆ ಅಂಥ ಆರ್ಥಿಕ ಬಲ ಇರುವ ಕಂಪನಿಗಳು ಎಷ್ಟಿವೆ? 2010ರಲ್ಲಿ ಇದೇ ಕನಸು ಹೊತ್ತು ಬಂದ ಆನ್‌ಲೈವ್ ಎಂಬ ಸೇವೆ ಐದೇ ವರ್ಷಕ್ಕೆ ಬಾಗಿಲು ಹಾಕಿತ್ತು.

ಹಾಗೆಂದು ಡಿಸ್ಕ್ ಕೈಯಲ್ಲಿದ್ದರೆ ಸಾಕು ಎಂದೂ ಹೇಳಲಾರೆ. ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರ್‌ನಲ್ಲಿ ಹೊರತಂದ ‘ದಿ ಕ್ರೂ’ ಎಂಬ ಕಾರ್ ರೇಸಿಂಗ್ ಆಟ ಡಿಸ್ಕ್‌ನಲ್ಲೂ ಮಾರಾಟವಾಗಿತ್ತು. ಒಬ್ಬರೇ ಕುಳಿತು ಆಡಿದರೂ ಕಂಪನಿಯ ಸರ್ವರ್ ಸಂಪರ್ಕ ಅದಕ್ಕೆ ಕಡ್ಡಾಯ. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಲಾಯಿತು, ಅಂದಿನಿಂದ ಡಬ್ಬಿಯಲ್ಲಿರುವ ಡಿಸ್ಕ್ ಬರಿಯ ಪ್ಲಾಸ್ಟಿಕ್ ಬಿಲ್ಲೆ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಎಂಬ ಕನ್ಸೋಲ್‌ಗೆ ಡಿಸ್ಕ್ ಬದಲು ಮಾರುವ ಕೆಲವು ಗೇಮ್ ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಆದ್ದರಿಂದ ಡಿಸ್ಕೋ ಕ್ಲೌಡೋ ಎಂಬ ಚರ್ಚೆಗಿಂತ, ಕಂಪನಿಯ ಸರ್ವರ್ ನಾಳೆ ನಿಂತರೂ ನಾನು ದುಡ್ಡು ಕೊಟ್ಟ ವಸ್ತು ನಡೆಯುತ್ತದೆಯೇ ಎಂದು ಕೇಳುವುದೇ ಸರಿ.

ನಮ್ಮಂಥ ಊರುಗಳಲ್ಲಿ ಸರ್ವರ್ ನಿಲ್ಲುವವರೆಗೆ ಕಾಯಬೇಕಾಗಿಯೂ ಇಲ್ಲ. ಸ್ಟೇಡಿಯಾಕ್ಕೆ ಕನಿಷ್ಠ 10 ಎಂಬಿಪಿಎಸ್ ವೇಗ ಬೇಕಿತ್ತು. ಆ ವೇಗದಲ್ಲಿ ಗಂಟೆಗೆ ನಾಲ್ಕೂವರೆ ಜಿ.ಬಿ. ಡೇಟಾ ಖರ್ಚಾಗುತ್ತದೆ, ಅಂದರೆ ದಿನಕ್ಕೆ 2 ಜಿ.ಬಿ. ಕೊಡುವ ಪ್ಯಾಕ್ ಅರ್ಧ ಗಂಟೆಗೂ ಸಾಲದು. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಇಲ್ಲಿ ವಾರಗಟ್ಟಲೆ ಇಂಟರ್‌ನೆಟ್ ಇರುವುದಿಲ್ಲ. ಆ ದಿನಗಳಲ್ಲಿ ಕರೆಂಟ್ ಇದ್ದಷ್ಟು ಹೊತ್ತು ನಡೆಯುವುದು ಆ ಹಳೆಯ ಕ್ರಿಕೆಟ್ ಡಿಸ್ಕ್ ಒಂದೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಡಿಜಿಟಲ್ ಮಳಿಗೆಗಳು ಕೊಡುತ್ತಿರುವುದು ಕೇವಲ ಪರವಾನಗಿಯಾದರೆ, ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಪದ ಬಳಸುವಂತಿಲ್ಲ. ಡೌನ್‌ಲೋಡ್ ಮಾಡಿಕೊಂಡು ಶಾಶ್ವತವಾಗಿ ಆಫ್‌ಲೈನ್‌ನಲ್ಲಿ ಬಳಸಬಹುದಾದದ್ದಕ್ಕೆ ಈ ನಿರ್ಬಂಧವಿಲ್ಲ. ಯುರೋಪಿನಲ್ಲಿ, ಮಾರಿದ ಆಟಗಳನ್ನು ಆಡಲಾಗದಂತೆ ಮಾಡಬಾರದು ಎಂಬ ನಾಗರಿಕ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದೆ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತು, ನ್ಯಾಯಸಮ್ಮತವಲ್ಲದ ಕರಾರು ಎರಡನ್ನೂ ಹೆಸರಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ, ಆನ್‌ಲೈನ್ ಮಳಿಗೆಗಳು ಗ್ರಾಹಕರನ್ನು ಮರುಳು ಮಾಡುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ತಡೆಯಿತು, ಅದು ಆಗಬೇಕಾದ ಕೆಲಸವೇ. ಚಂದಾ ಕಟ್ಟಿ ಆಡುವ ಸಾಮಾನ್ಯ ಆಟಗಳನ್ನು ಮಾನ್ಯ ಮಾಡಿದ ಅದೇ ಕಾಯ್ದೆ, ಆ ಆಟ ನಿಂತುಹೋದಾಗ ದುಡ್ಡು ಕೊಟ್ಟವರ ಗತಿಯೇನು ಎಂಬುದನ್ನೂ ನೋಡಬೇಕಿತ್ತು.

ಪ್ರಾಧಿಕಾರವು ಆ ಪಟ್ಟಿಗೆ ಪರವಾನಗಿಯನ್ನು ‘ಖರೀದಿ’ ಎಂದು ತೋರಿಸುವುದನ್ನೂ ಸೇರಿಸಲಿ. ಎಷ್ಟು ಕಾಲದ ಬಳಕೆಗೆ ದುಡ್ಡು ಪಡೆಯಲಾಗುತ್ತಿದೆ ಎಂಬುದು ಬೆಲೆಯ ಪಕ್ಕದಲ್ಲೇ, ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಲ್ಲಿ ಕಾಣುವಂತಿರಲಿ. ಸೇವೆ ಮುಚ್ಚುವ ಕಂಪನಿ ಸರ್ವರ್ ಇಲ್ಲದೆ ಆಡಬಹುದಾದ ಆವೃತ್ತಿಯನ್ನು ಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು. ತಾಂತ್ರಿಕವಾಗಿ ಇದು ಆಗದ ಮಾತೇನಲ್ಲ: ‘ದಿ ಕ್ರೂ’ ಕುರಿತ ಆಕ್ರೋಶದ ಬಳಿಕ ಅದೇ ಯೂಬಿಸಾಫ್ಟ್, ಆ ಸರಣಿಯ ಮುಂದಿನ ಆಟಗಳಿಗೆ ಆಫ್‌ಲೈನ್ ಸೌಲಭ್ಯ ಕೊಡುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು.

ಮಗನ ಮೂರು ಆಟಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಇಂಥ ನಷ್ಟ ಅನುಭವಿಸಿದ ಓದುಗರು ಇನ್ನೂ ಇರಬಹುದು. ಅವರೂ ಬಿಲ್ಲನ್ನೂ ‘ಖರೀದಿಸಿ’ ಎಂದು ತೋರಿಸುವ ಪುಟದ ಸ್ಕ್ರೀನ್‌ಶಾಟನ್ನೂ ತೆಗೆದಿಟ್ಟುಕೊಂಡು ದೂರು ದಾಖಲಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ತೀರ್ಥಹಳ್ಳಿ