ಶನಿವಾರದ ಗಣಿತ ಚಟುವಟಿಕೆ: 98,76,54,321

ಮಾಲೂರಿನ ಗಣಿತ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮಸ್ಕಾರ. ಈ ಶನಿವಾರ ಬೆಳಗ್ಗೆ 9ಕ್ಕೆ ಒಂಬತ್ತನೇ ತರಗತಿಗೆ ಮೇಲಿನ ಸಂಖ್ಯೆಯ ಅವಿಭಾಜ್ಯ ಅಪವರ್ತನ ಮಾಡಿಸಬೇಕು.

ಅಂಕಿಗಳ ಮೊತ್ತ 45, ಹಾಗಾಗಿ 9ರಿಂದ ಶುರುಮಾಡಿ, ಭಾಗಲಬ್ಧ 10,97,39,369. ಇದರ ಅಂಕಿಗಳ ಮೊತ್ತ 47, ಅಲ್ಲಿಗೆ 3ರ ಕೆಲಸ ಮುಗೀತು. 7, 11, 13ಕ್ಕೆ (7×11×13=1001 ಆದ್ದರಿಂದ) ಮೂಲ ಸಂಖ್ಯೆಯನ್ನೇ ಮೂರು ಮೂರು ಅಂಕಿಯಾಗಿ ಒಡೆದು ಒಂದು ಬಿಟ್ಟು ಒಂದನ್ನ ಕಳೆದರೆ ಸಾಕು: 321−654+987=654, ಇದು ಆ ಯಾವುದರಿಂದಲೂ ಭಾಗವಾಗಲ್ಲ, ಹಾಗಾಗಿ ಮೂಲ ಸಂಖ್ಯೆಯೂ ಆಗಲ್ಲ. ಮಕ್ಕಳು ಎಡವೋದು ಇಲ್ಲೇ. ಕೋಟಿ-ಲಕ್ಷದ ಅಲ್ಪವಿರಾಮ ನೋಡಿ 98, 76, 54 ಅಂತ ಒಡೀತಾರೆ. ಅಲ್ಪವಿರಾಮ ಅಳಿಸಿ, ಬಲಗಡೆಯಿಂದ ಎಣಿಸೋಕೆ ಹೇಳಿ.

ಆಮೇಲೆ 17 ಎರಡು ಸಲ ಹೋಗುತ್ತೆ (ಒಂದೇ ಸಲಕ್ಕೆ ನಿಲ್ಲಿಸೋರು ಜಾಸ್ತಿ). ಉಳಿಯೋ 3,79,721 ಅವಿಭಾಜ್ಯ. ಅದನ್ನ 613ರವರೆಗೆ ಪರೀಕ್ಷಿಸೋಕೆ ಕೂತರೆ ಪೀರಿಯಡ್ಡೇ ಸಾಲಲ್ಲ, ನೀವೇ ಹೇಳಿಬಿಡಿ. ಅಲ್ಲಿಗೆ ಸಂಖ್ಯೆ 3²×17²×3,79,721; ಒಂದೊಂದು ಘಾತಕ್ಕೂ 1 ಕೂಡಿಸಿ ಗುಣಿಸಿದರೆ ಒಟ್ಟು ಭಾಜಕಗಳು 3×3×2=18.

ಯಾರ್ಯಾರು ಮಾಡಿಸ್ತೀರಿ, ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.