ಭಾನುವಾರ ಡೊಂಬಿವಲಿಯಲ್ಲಿ ಪಾಲುಡೇರಿಯಂ ಕಟ್ಟೋಣ

ಎಲ್ಲರಿಗೂ ನಮಸ್ಕಾರ. ಪಾಲುಡೇರಿಯಂ ಅಂದರೆ ಒಂದೇ ಗಾಜಿನ ತೊಟ್ಟಿಯಲ್ಲಿ ಸ್ವಲ್ಪ ನೀರು, ಸ್ವಲ್ಪ ನೆಲ ಮಾಡಿ ಗಿಡ, ಜೀವಿಗಳನ್ನು ಬೆಳೆಸುವುದು. ಅದಕ್ಕಾಗಿ ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆಯಲ್ಲಿ ಸೇರೋಣ. ಗಾಜಿನ ತೊಟ್ಟಿ, ಮಣ್ಣು ನನ್ನ ಹತ್ತಿರ ಇದೆ. ನೀರನ್ನು ಶನಿವಾರವೇ ಬಕೆಟ್‌ನಲ್ಲಿ ತೆರೆದಿಡುತ್ತೇನೆ, ಕ್ಲೋರಿನ್ ಹೋಗಲಿ ಅಂತ. ನೀವು ಮನಿಪ್ಲಾಂಟ್ ತುಂಡು, ಪಾಚಿ, ಜಾವಾ ಫರ್ನ್, ಅನುಬಿಯಾಸ್‌ನಂಥ ನೀರಲ್ಲಿ ಬೆಳೆಯುವ ಗಿಡ ಏನಿದ್ದರೂ ತನ್ನಿ.

ಅನುಬಿಯಾಸ್‌ನ ದಪ್ಪ ಕಾಂಡವನ್ನು ಮಣ್ಣಲ್ಲಿ ಹೂಳಬಾರದು, ಕೊಳೆತುಹೋಗುತ್ತದೆ. ದಾರದಲ್ಲಿ ಕಟ್ಟಿಗೆಗೆ ಕಟ್ಟಬೇಕು. ಹಾಗಾಗಿ ಹೊಲಿಗೆ ದಾರವೂ ಇರಲಿ.

ಮೀನು, ಸಿಗಡಿ ಈಗಲೇ ಬೇಡ. ನೀರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ಕುರ್ಲಾ ಮಾರ್ಕೆಟ್‌ನಲ್ಲಿ ಕೆಂಪು ಸಿಗಡಿ ಕಂಡರೆ ಸುಮ್ನೆ ನೋಡಿ ಬನ್ನಿ! ನಕ್ಷತ್ರ ಆಮೆಯಂತೂ ಕೇಳಲೇಬೇಡಿ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವಂತಿಲ್ಲ.

ಬರುವವರು ಏನು ತರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ತಿಂಡಿಗೆ ಲೆಕ್ಕ ಬೇಕಲ್ವಾ.