ನೀಲಿ ಕುರ್ಚಿಯ ಹುಡುಗಿ ನಗೋದಿಲ್ಲ ಕಣೋ

ಪ್ರೀತಿಯ ಸತೀಶ,

ಮಗಳ ಕೋಣೆಗೆ ಹಾಕೋಕೆ ಒಂದು ಒಳ್ಳೆಯ ಚಿತ್ರ ಹೇಳು ಅಂದಿದ್ದೆಯಲ್ಲ. ಫ್ರೆಂಚ್ ಚಿತ್ರಕಾರ ರೆನ್ವಾರನ ಗುಲಾಬಿ ಕೆನ್ನೆಯ ಮಕ್ಕಳು ಬೇಡ ಮಾರಾಯ, ಸಿಹಿ ಜಾಸ್ತಿ. ಮೇರಿ ಕಸಾಟ್ ಬರೆದ ‘ನೀಲಿ ಕುರ್ಚಿಯಲ್ಲಿ ಪುಟ್ಟ ಹುಡುಗಿ’ ಹಾಕು. ಕಸಾಟ್ ಅಮೆರಿಕದವಳು, ಬದುಕಿದ್ದು ಹೆಚ್ಚಾಗಿ ಫ್ರಾನ್ಸಿನಲ್ಲಿ. ಇದು 1878ರ ಚಿತ್ರ.

ಹುಡುಗಿಯನ್ನು ನೋಡು. ಬಿಳಿ ಫ್ರಾಕು, ಚೌಕಳಿ ಸೊಂಟಪಟ್ಟಿ, ಅದಕ್ಕೆ ಹೊಂದುವ ಕಾಲುಚೀಲ. ಯಾರೋ ಚೆನ್ನಾಗಿ ಅಲಂಕಾರ ಮಾಡಿ ಕೂರಿಸಿದ್ದಾರೆ. ಅವಳೋ, ಒಂದು ಕೈ ತಲೆಯ ಹಿಂದಿಟ್ಟು, ಕಾಲು ಅಗಲಿಸಿ, ಕುರ್ಚಿಯಲ್ಲಿ ಬಿದ್ದುಕೊಂಡಿದ್ದಾಳೆ. ಫ್ರಾಕು ಮೇಲಕ್ಕೆ ಸರಿದಿದೆ, ಪರಿವೆಯೇ ಇಲ್ಲ. ಮುಖದಲ್ಲಿ ನಗುವಿಲ್ಲ, ಅಳುವೂ ಇಲ್ಲ. ಬೇಜಾರು, ಶುದ್ಧ ಬೇಜಾರು! ಇನ್ನೊಂದು ಕುರ್ಚಿಯಲ್ಲಿ ಪುಟ್ಟ ನಾಯಿ ನಿದ್ದೆ ಹೊಡೆಯುತ್ತಿದೆ. ಆಕೆಗಿಂತ ಅದೇ ಸುಖಿ.

ಮಗು ಕಸಾಟಳ ಗೆಳೆಯ, ಫ್ರೆಂಚ್ ಚಿತ್ರಕಾರ ಡೆಗಾನ ಸ್ನೇಹಿತರದ್ದು. ಡೆಗಾ ಚಿತ್ರ ನೋಡಿ ಮೆಚ್ಚಿ, ಹಿನ್ನೆಲೆಗೆ ಸಲಹೆ ಕೊಟ್ಟ. ತಾನೇ ಕುಂಚ ಹಿಡಿದು ಒಂದಿಷ್ಟು ಬರೆದ ಕೂಡ. ಕಸಾಟಳೇ 1903ರಲ್ಲಿ ವೊಲ್ಲಾರ್ ಎಂಬ ಕಲಾವ್ಯಾಪಾರಿಗೆ ಬರೆದ ಕಾಗದದಲ್ಲಿ ಇದನ್ನು ಹೇಳಿದ್ದಾಳೆ. ಪ್ಯಾರಿಸಿನ ವಿಶ್ವಪ್ರದರ್ಶನದ ಅಮೆರಿಕನ್ ವಿಭಾಗದವರು ಚಿತ್ರವನ್ನು ತಿರಸ್ಕರಿಸಿದ್ದೂ ಅದೇ ಕಾಗದದಲ್ಲಿದೆ. ಇಪ್ಪತ್ತೈದು ವರ್ಷವಾದರೂ ಸಿಟ್ಟು ಇಳಿದಿರಲಿಲ್ಲ. ತೀರ್ಪುಗಾರರು ಮೂವರು, ಅವರಲ್ಲೊಬ್ಬ ಔಷಧಿ ವ್ಯಾಪಾರದವನಂತೆ!

ಕುರ್ಚಿಗಳ ಹೂಬಟ್ಟೆಯನ್ನು ಝೂಮ್ ಮಾಡಿ ನೋಡು. ಹೂವೇ ಇರೋದಿಲ್ಲ, ನೀಲಿಯ ಮೇಲೆ ಸರಸರ ಎಳೆದ ಬಣ್ಣದ ಗೆರೆಗಳು ಅಷ್ಟೆ. ಮುಖದಲ್ಲಿ ಮಾತ್ರ ಕುಂಚ ನಿಧಾನಿಸಿದೆ. ಮಕ್ಕಳನ್ನು ಮುದ್ದು ಮಾಡದೆ ಬರೆಯೋದು ಕಷ್ಟ ಕಣೋ. ದೊಡ್ಡವರ ಕೋಣೆ, ದೊಡ್ಡವರ ಸೋಫಾ, ‘ಅಲ್ಲಾಡಬೇಡ’ ಅನ್ನೋ ದೊಡ್ಡವರು. ಆ ಮಗುವಿಗೆ ಹೇಗನ್ನಿಸಿರಬಹುದೋ ಅದನ್ನೇ ಬರೆದಿದ್ದಾಳೆ. ನಿಮ್ಮ ಮಗಳಿಗೆ ಮದುವೆ ಮನೆಯಲ್ಲಿ ಫೋಟೋಗೆ ನಿಲ್ಲಿಸಿದಾಗ ಇದೇ ಮುಖ ಬರುತ್ತದೆ, ನೀವು ಅದನ್ನು ಡಿಲೀಟ್ ಮಾಡುತ್ತೀರಿ, ಅಲ್ವಾ?

ಮೂಲ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವರ ವೆಬ್‌ಸೈಟಿನಲ್ಲಿ ದೊಡ್ಡ ಫೈಲ್ ಪುಕ್ಕಟೆ ಸಿಗುತ್ತದೆ, ಇಳಿಸಿಕೊಂಡು ಪ್ರಿಂಟ್ ಹಾಕಿಸು. ಸುಮಾರು 130 ಸೆಂ.ಮೀ. ಅಗಲದ ಅಡ್ಡ ಚಿತ್ರ ಅದು. ಪ್ರಿಂಟ್ ಅಂಗಡಿಯವನು ‘ಸಾರ್, ಮಗು ಒಂದನ್ನೇ ದೊಡ್ಡದು ಮಾಡಿ ಕೊಡ್ತೀನಿ’ ಅಂದರೆ ಒಪ್ಪಬೇಡ. ಆ ಖಾಲಿ ನೆಲ, ಖಾಲಿ ಕುರ್ಚಿ, ನಾಯಿ, ಎಲ್ಲಾ ಬೇಕು.

ನಿನ್ನ,
ಪ್ರಕಾಶ